ಸಾಲಿನಲ್ಲಿ ಉಳಿದ ಜಾಗ

ತಂಗಿ,

ನೀ ಕಳಿಸಿದ ಪುಟಗಳನ್ನು ಫೋನಿನಲ್ಲಿ ನೋಡಿದೆ, ಮೊಮ್ಮಗನ ಕಂಪ್ಯೂಟರಿನಲ್ಲಿ ನೋಡಿದೆ, ಹುಕ್ಕೇರಿಯಲ್ಲಿ ಪ್ರಿಂಟ್ ತೆಗೆಸಿಯೂ ನೋಡಿದೆ. ಹಿಡಕಲ್ ಜಲಾಶಯದ ನೀರಿನ ಮಟ್ಟದ ಪಟ್ಟಿ, ರೈತರ ಸಂಘದ ಅರ್ಜಿ ನಮೂನೆ, ರಸೀದಿ, ಡ್ಯಾಮಿನ ಇತಿಹಾಸದ ಲೇಖನ, ಶ್ರೀಕೃಷ್ಣ ಪಾರಿಜಾತ ಬಯಲಾಟದ ಪಠ್ಯ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಈ ಕಾಲದಲ್ಲಿ ಇದು ದೊಡ್ಡ ಮಾತು, ಮನಸ್ಸು ತುಂಬಿ ಹೇಳುತ್ತೇನೆ. ಆದರೆ ಒಂದೇ ಅರ್ಜಿ ಮೂರು ಕಡೆ ಮೂರು ತರ ಕಂಡಿತು. ಕಾಗದದಲ್ಲಿ ಬಲಗಡೆ ಸರಿಯಾಗಿ ಕೂತಿದ್ದ ‘ಇಂತಿ ತಮ್ಮ ವಿಶ್ವಾಸಿ’ ಕಂಪ್ಯೂಟರಿನಲ್ಲಿ ನಡುವೆ ನಿಂತಿತ್ತು. ಫೋನಿನಲ್ಲಿ ‘ಇಂತಿ ತಮ್ಮ’ ಒಂದು ಸಾಲಿನಲ್ಲಿ, ‘ವಿಶ್ವಾಸಿ’ ಕೆಳಗಿನ ಸಾಲಿನಲ್ಲಿ.

ಕಾರಣ ನಿನಗೂ ಗೊತ್ತಿರಬೇಕು. ಆ ಮಾತನ್ನು ಬಲಕ್ಕೆ ಕಳಿಸಲು ನೀನು ಸ್ಪೇಸ್ ಬಾರನ್ನು ಒತ್ತುತ್ತಾ ಹೋಗಿದ್ದೀಯ. ನಮ್ಮ ಕಡೆ ಡಿಟಿಪಿ ಕೆಲಸ ಕಲಿತವರಲ್ಲಿ ಮುಕ್ಕಾಲು ಜನ ಹೀಗೇ ಮಾಡುತ್ತಾರೆ. ಕಲಿಸಿದವರೂ ಹಾಗೆಯೇ ಕಲಿಸಿದ್ದಾರೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳದೆ ಓದು.

ನಾನು ಕೆಲಸಕ್ಕೆ ಸೇರಿದ್ದು ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ. ಎಡಗೈಯಲ್ಲಿ ಸಾಲು ಕಟ್ಟುವ ಸ್ಟಿಕ್ಕು, ಎದುರಿಗೆ ಮೊಳೆಗಳ ಕೇಸು. ಸ್ಟಿಕ್ಕಿನ ಒಂದು ಬದಿ ಹಿಂದೆ ಮುಂದೆ ಸರಿಯುತ್ತದೆ; ಎಮ್ ಎಂಬ ಅಚ್ಚಿನ ಅಳತೆಯಲ್ಲಿ ಸಾಲು ಇಪ್ಪತ್ತು ಎಮ್ ಅಗಲ ಬೇಕೆಂದರೆ ಅಲ್ಲಿಗೆ ಬಿಗಿ ಮಾಡಿಕೊಳ್ಳುವುದು. ಆಮೇಲೆ ಒಂದೊಂದೇ ಮೊಳೆ ಆರಿಸಿ ನಿಲ್ಲಿಸುತ್ತಾ ಹೋಗುವುದು. ಸಾಲಿನ ಕೊನೆಗೆ ಬಂದಾಗ ಯಾವಾಗಲೂ ಒಂದಿಷ್ಟು ಜಾಗ ಉಳಿಯುತ್ತಿತ್ತು. ಮುಂದಿನ ಪದ ಹಿಡಿಸುವಷ್ಟು ಇರುತ್ತಿರಲಿಲ್ಲ, ಹಾಗೇ ಬಿಡುವ ಹಾಗೂ ಇರಲಿಲ್ಲ. ಬಿಟ್ಟರೆ ಸಾಲು ಸಡಿಲ. ಸಡಿಲ ಸಾಲನ್ನು ಚೇಸ್ ಎಂಬ ಚೌಕಟ್ಟಿನೊಳಗೆ ಇಟ್ಟು ಬಿಗಿದರೆ ಮೊಳೆಗಳು ಅಲುಗಾಡುತ್ತವೆ, ಎತ್ತುವಾಗ ಕೆಲವು ಉದುರಿ ಬೀಳುತ್ತವೆ. ಆದ್ದರಿಂದ ಪ್ರತಿ ಸಾಲನ್ನೂ ಅಂಚಿನಿಂದ ಅಂಚಿಗೆ ಸೀಸದಿಂದ ತುಂಬಲೇಬೇಕಿತ್ತು. ತುಂಬಲಿಕ್ಕೆ ಅಕ್ಷರವಿಲ್ಲದ ಮೊಳೆಗಳಿದ್ದವು: ದಪ್ಪಗಿನದು ಕ್ವಾಡು, ಒಂದು ಎಮ್ಮಿನ ಮೂರನೇ, ನಾಲ್ಕನೇ, ಐದನೇ ಭಾಗದ ತೆಳುವಾದವು ಸ್ಪೇಸು. ಅವು ಅಕ್ಷರಗಳಿಗಿಂತ ಗಿಡ್ಡ, ಹಾಗಾಗಿ ಮಸಿ ತಾಗದು, ಕಾಗದದ ಮೇಲೆ ಬಿಳಿ ಜಾಗವಾಗಿ ಮಾತ್ರ ಕಾಣುತ್ತವೆ.

ಈಗ ನೀನು ಗಮನಿಸಬೇಕಾದ ಸಂಗತಿ ಇಲ್ಲಿದೆ. ಉಳಿದ ಜಾಗಕ್ಕೆ ಹಾಕುವ ಕ್ವಾಡುಗಳನ್ನೆಲ್ಲ ಸಾಲಿನ ಕೊನೆಗೆ ಇಟ್ಟರೆ ಬರಹ ಎಡಕ್ಕೆ ನಿಲ್ಲುತ್ತದೆ. ಮೊದಲಿಗೇ ಇಟ್ಟರೆ ಬಲಕ್ಕೆ ನಿಲ್ಲುತ್ತದೆ. ಎರಡೂ ಕಡೆ ಸಮ ಹಂಚಿದರೆ ನಡುವೆ ಬರುತ್ತದೆ. ಪದ ಪದಗಳ ಸಂದಿಗೆ ಹಂಚಿದರೆ ಎರಡೂ ಅಂಚು ಗೆರೆ ಎಳೆದಂತೆ ಸಮವಾಗುತ್ತದೆ. ನಿನ್ನ ವರ್ಡ್‌ನ ಮೇಲ್ಪಟ್ಟಿಯಲ್ಲಿ ಸಾಲಾಗಿ ಕೂತಿರುವ ನಾಲ್ಕು ಗುಂಡಿಗಳು ಇವೇ. ಕಂಟ್ರೋಲ್ ಜೊತೆ ಎಲ್, ಆರ್, ಇ, ಜೆ. ನಾಲ್ಕೂ ಒಂದೇ ಪ್ರಶ್ನೆಗೆ ನಾಲ್ಕು ಉತ್ತರ: ಸಾಲಿನಲ್ಲಿ ಉಳಿದ ಜಾಗ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಹಿಡಿದುಕೊಂಡರೆ ವರ್ಡ್ ಆಗಲಿ, ವೆಬ್ ಪುಟವಾಗಲಿ, ಮುಂದೆ ಹೇಳುವ ಟೆಕ್ ಆಗಲಿ, ವಿಕಿಪೀಡಿಯ ಆಗಲಿ, ಎಲ್ಲವೂ ಕೈಗೆ ಹತ್ತುತ್ತವೆ.

ಸ್ಪೇಸ್ ಬಾರ್ ಒತ್ತುವವನು ಈ ಪ್ರಶ್ನೆಗೆ ಉತ್ತರ ಹೇಳುತ್ತಿಲ್ಲ. ಇವತ್ತಿನ ಈ ಅಗಲಕ್ಕೆ, ಈ ಫಾಂಟಿಗೆ, ಈ ಗಾತ್ರಕ್ಕೆ ಎಷ್ಟು ಜಾಗ ಉಳಿದಿದೆ ಎಂದು ಕಣ್ಣಳತೆಯಲ್ಲಿ ಲೆಕ್ಕ ಹಾಕಿ ತುಂಬುತ್ತಿದ್ದಾನೆ. ಮೊಳೆಯ ಕಾಲದಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಕಟ್ಟಿದ ಸಾಲು ಕಟ್ಟಿದಂತೆಯೇ ಅಚ್ಚಾಗುತ್ತಿತ್ತು. ನಿನ್ನ ಸಾಲು ಹಾಗಲ್ಲ. ಅದು ನೋಡುವವರ ಪರದೆಯ ಅಗಲಕ್ಕೆ ತಕ್ಕಂತೆ ಅಲ್ಲಲ್ಲೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನೀನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿದರೆ ಅಕ್ಷರಗಳೇನೋ ಸರಿ ಬರುತ್ತವೆ. ಸ್ಪೇಸಿನ ಅಗಲ ಬೇರೆಯಾಗಿರುತ್ತದೆ, ಅಲ್ಲಿಗೆ ನಿನ್ನ ಲೆಕ್ಕ ತಪ್ಪಿತು. ವೆಬ್ ಪುಟದಲ್ಲಂತೂ ಎಷ್ಟು ಸ್ಪೇಸ್ ಒತ್ತಿದರೂ ಬ್ರೌಸರ್ ಅವನ್ನೆಲ್ಲ ಕೂಡಿಸಿ ಒಂದೇ ಸ್ಪೇಸ್ ಮಾಡಿ ತೋರಿಸುತ್ತದೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮೂಲ ನಿಯಮವೇ ಅದು. ಅದಕ್ಕೆ ಉಪಾಯವೆಂದು ಮುರಿಯದ ಸ್ಪೇಸುಗಳನ್ನು ಸಾಲಾಗಿ ಸುರಿಯುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಫೋನಿನಲ್ಲಿ ಆ ಸಾಲು ಮುರಿಯಲಾಗದೆ ಪರದೆಯ ಆಚೆಗೆ ಓಡುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ನಿನ್ನ ಊರಿನ ಪುಟ ತಿದ್ದಲು ಹೋಗಿ ಸಾಲಿನ ಮೊದಲಿಗೆ ಒಂದು ಸ್ಪೇಸ್ ಬಿಟ್ಟು ನೋಡು. ಆ ಸಾಲು ತನ್ನದೇ ಒಂದು ಡಬ್ಬಿಯೊಳಗೆ, ಟೈಪ್‌ರೈಟರಿನ ಅಕ್ಷರದಂತೆ ಕೂತುಬಿಡುತ್ತದೆ. ವಿಕಿಯಲ್ಲಿ ಸಾಲನ್ನು ಒಳಕ್ಕೆ ಸರಿಸಲು ಮೊದಲಿಗೆ ಕೋಲನ್ ಚಿಹ್ನೆ ಹಾಕಬೇಕು.

ವೆಬ್ಬಿನಲ್ಲಿ ಮೊದಮೊದಲು ನಡುವೆ ನಿಲ್ಲಿಸಲಿಕ್ಕೆ ಸೆಂಟರ್ ಎಂಬ ಟ್ಯಾಗೇ ಇತ್ತು. ಪ್ಯಾರಾಕ್ಕೆ, ಕೋಷ್ಟಕಕ್ಕೆ ಅಲೈನ್ ಎಂಬ ಗುಣ ಹಚ್ಚುತ್ತಿದ್ದರು. 1996ರ ಡಿಸೆಂಬರಿನಲ್ಲಿ, ಪುಟದ ರೂಪ ಹೇಗಿರಬೇಕೆಂದು ಹೇಳುವ ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂತು. ಹೋಕನ್ ವಿಯುಮ್ ಲೀ, ಬರ್ಟ್ ಬೋಸ್ ಇಬ್ಬರೂ ಸೇರಿ ರೂಪಿಸಿದ್ದು. ಮರುವರ್ಷ ಎಚ್‌ಟಿಎಂಎಲ್‌ನ ನಾಲ್ಕನೆಯ ಆವೃತ್ತಿ ಬಂದಾಗ ಸೆಂಟರ್ ಟ್ಯಾಗನ್ನೂ ಅಲೈನ್ ಗುಣವನ್ನೂ ಇನ್ನು ಬಳಸಬೇಡಿ ಎಂಬ ಪಟ್ಟಿಗೆ ಸೇರಿಸಿದರು. ಹಳೆಯ ಪುಟಗಳು ಕೆಡಬಾರದೆಂದು ಬ್ರೌಸರುಗಳು ಅವನ್ನು ಇಂದಿಗೂ ಒಪ್ಪುತ್ತವೆ. ಅದಕ್ಕೇ ನಿನ್ನ ಪುಟದಲ್ಲಿ ಅವು ನಡೆದಿವೆ. ಆದರೂ ಹೊಸ ಕೆಲಸಕ್ಕೆ ಅವು ಬೇಡ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಸಹಿ ಎಂದು ಎಚ್‌ಟಿಎಂಎಲ್ ಹೇಳಲಿ; ಸಹಿ ಬಲಕ್ಕಿರಲಿ ಎಂದು ಸಿಎಸ್‌ಎಸ್‌ನ ಟೆಕ್ಸ್ಟ್-ಅಲೈನ್ ಹೇಳಲಿ. ನಾಳೆ ಸಂಘದವರು ಬಂದು ಸಹಿ ಎಡಕ್ಕೆ ಬೇಕು ಅಂದರೆ ನೂರು ಪುಟ ತೆರೆಯುವ ಬದಲು ಒಂದು ಸಾಲು ತಿದ್ದಿದರೆ ಸಾಕು.

ಟೆಕ್ಸ್ಟ್-ಅಲೈನ್ ವಿಷಯದಲ್ಲಿ ಹೊಸಬರು ಎರಡು ಕಡೆ ತಡವರಿಸುತ್ತಾರೆ. ಮೊದಲನೆಯದು, ಅದನ್ನು ಸ್ಪ್ಯಾನ್ ಎಂಬ ತುಣುಕಿಗೆ ಹಚ್ಚಿ ‘ಏನೂ ಆಗಲಿಲ್ಲ’ ಎಂದು ಕೂರುವುದು. ಸ್ಪ್ಯಾನಿನ ಅಗಲ ಅದರೊಳಗಿನ ಅಕ್ಷರಗಳಷ್ಟೇ. ಅಲ್ಲಿ ಉಳಿದ ಜಾಗವೇ ಇಲ್ಲ, ಹಂಚುವುದೇನು? ಸಾಲಿನ ಪೂರ್ತಿ ಅಗಲ ಯಾರ ಕೈಯಲ್ಲಿದೆಯೋ ಆ ಪ್ಯಾರಾಕ್ಕೆ ಅಥವಾ ಡಬ್ಬಿಗೆ ಹಚ್ಚಬೇಕು. ಎರಡನೆಯದು, ಡಬ್ಬಿಯೇ ಪುಟದ ನಡುವೆ ಬರಬೇಕೆಂದಾಗಲೂ ಟೆಕ್ಸ್ಟ್-ಅಲೈನ್ ಹಚ್ಚುವುದು. ಅದು ಡಬ್ಬಿಯ ಒಳಗಿನ ಸಾಲುಗಳನ್ನು ಸರಿಸುತ್ತದೆ, ಡಬ್ಬಿಯನ್ನಲ್ಲ. ಡಬ್ಬಿಗೆ ಒಂದು ಅಗಲ ಕೊಟ್ಟು, ಎಡಬಲದ ಮಾರ್ಜಿನ್ನನ್ನು ಆಟೊ ಮಾಡು. ಆಗ ಉಳಿದ ಜಾಗ ಎರಡೂ ಕಡೆ ಸಮನಾಗಿ ಹಂಚಿ ಹೋಗುತ್ತದೆ.

ಇನ್ನೊಂದು ಮಾತು. ಎಡ, ಬಲ ಎನ್ನುವುದರ ಬದಲು ಸ್ಟಾರ್ಟ್, ಎಂಡ್ ಎಂದು ಬರೆಯುವ ರೂಢಿ ಮಾಡಿಕೊ. ನಮ್ಮ ಜಿಲ್ಲೆಯಲ್ಲಿ ಕನ್ನಡವಿದೆ, ಮರಾಠಿ ಇದೆ, ಉರ್ದು ಶಾಲೆಗಳೂ ಇವೆ. ಉರ್ದು ಬಲದಿಂದ ಶುರುವಾಗುವ ಬರಹ. ಉರ್ದು ಶಾಲೆಯವರು ಒಂದು ಸೂಚನೆ ಹಾಕಿಸಿಕೊಳ್ಳಲು ನಿನ್ನ ಅಂಗಡಿಗೆ ಬಂದರೆ, ಪುಟದ ದಿಕ್ಕು ಬದಲಿಸಿದ ಕೂಡಲೇ ಸ್ಟಾರ್ಟ್ ತಾನಾಗಿ ಬಲಕ್ಕೆ ಬರುತ್ತದೆ. ಎಡ ಎಂದು ಬರೆದಿಟ್ಟರೆ ಎಡಕ್ಕೇ ಅಂಟಿಕೊಂಡಿರುತ್ತದೆ.

ಈಗ ಅರ್ಜಿಗೆ ಬಾ. ಕೊನೆಯಲ್ಲಿ ಒಂದೇ ಸಾಲಿನಲ್ಲಿ ಎಡಕ್ಕೆ ‘ಸ್ಥಳ: ಹಿಡಕಲ್’, ಬಲಕ್ಕೆ ‘ಇಂತಿ ತಮ್ಮ ವಿಶ್ವಾಸಿ’ ಬೇಕು. ಎಡ ಎಂದರೆ ಎರಡೂ ಎಡಕ್ಕೆ, ಬಲ ಎಂದರೆ ಎರಡೂ ಬಲಕ್ಕೆ ಹೋಗುತ್ತವೆ. ನಾಲ್ಕು ಗುಂಡಿಗಳಲ್ಲಿ ಯಾವುದೂ ಆಗಿಬರುವುದಿಲ್ಲವೆಂದೇ ಜನ ಸ್ಪೇಸ್ ಬಾರಿಗೆ ಹೋಗುವುದು. ಆದರೆ ಪ್ರಶ್ನೆ ಕೇಳಿಕೊ: ಉಳಿದ ಜಾಗ ಎಲ್ಲಿಗೆ ಹೋಗಬೇಕು? ಎರಡು ಮಾತುಗಳ ನಡುವಿಗೆ. ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ಟೆಕ್ ಎಂಬ ಪುಟ ಜೋಡಣೆಯ ವ್ಯವಸ್ಥೆ ಕಟ್ಟಿದಾಗ ಇದಕ್ಕೆಂದೇ ಎಚ್‌ಫಿಲ್ ಎಂಬ ಆಜ್ಞೆ ಇಟ್ಟರು. ಸ್ಥಳ ಬರೆದು, ಎಚ್‌ಫಿಲ್ ಹಾಕಿ, ವಿಶ್ವಾಸಿ ಬರೆದರೆ ಆಯಿತು. ನಡುವೆ ಒಂದು ಸ್ಪ್ರಿಂಗ್ ಇಟ್ಟಷ್ಟು ನೇರ. ಪುಟದ ಅಗಲ ಎಷ್ಟೇ ಆಗಲಿ ಅದು ಅಷ್ಟಕ್ಕೆ ಹಿಗ್ಗುತ್ತದೆ.

ವರ್ಡ್‌ನಲ್ಲಿ ಇದೇ ಕೆಲಸಕ್ಕೆ ಬಲ ಟ್ಯಾಬ್ ಇದೆ. ಮೇಲಿನ ರೂಲರಿನ ಎಡ ಮೂಲೆಯ ಗುರುತನ್ನು ಬಲ ಟ್ಯಾಬ್ ಬರುವ ತನಕ ಒತ್ತು, ಆಮೇಲೆ ರೂಲರಿನಲ್ಲಿ ಬಲ ಅಂಚಿನ ಹತ್ತಿರ ಒಂದು ಸಲ ಒತ್ತು. ಸ್ಥಳ ಬರೆದು ಟ್ಯಾಬ್ ಕೀ ಒಂದೇ ಸಲ. ‘ವಿಶ್ವಾಸಿ’ ಹೋಗಿ ಬಲಕ್ಕೆ ಅಂಟುತ್ತದೆ. ಪರಿವಿಡಿಯಲ್ಲಿ ಅಧ್ಯಾಯದ ಹೆಸರಿನಿಂದ ಪುಟ ಸಂಖ್ಯೆಯ ತನಕ ಚುಕ್ಕೆಗಳ ಸಾಲು ಬೇಕಾದರೆ ಅದೇ ಟ್ಯಾಬಿಗೆ ಲೀಡರ್ ಹಚ್ಚು. ಚುಕ್ಕೆಗಳನ್ನು ಕೈಯಿಂದ ಒತ್ತಬೇಡ. ವೆಬ್ ಪುಟದಲ್ಲಾದರೆ ಎರಡು ಮಾತನ್ನೂ ಒಂದು ಡಬ್ಬಿಯೊಳಗಿಟ್ಟು, ಆ ಡಬ್ಬಿಯನ್ನು ಫ್ಲೆಕ್ಸ್ ಮಾಡಿ, ಜಸ್ಟಿಫೈ-ಕಂಟೆಂಟ್‌ಗೆ ಸ್ಪೇಸ್-ಬಿಟ್ವೀನ್ ಕೊಡು. ಜೊತೆಗೆ ಫ್ಲೆಕ್ಸ್-ರ‍್ಯಾಪ್ ಕೂಡ ಹಾಕು. ಸಣ್ಣ ಫೋನಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಹಿಡಿಸದಿದ್ದರೆ ‘ಇಂತಿ ತಮ್ಮ ವಿಶ್ವಾಸಿ’ ಇಡಿಯಾಗಿ ಕೆಳಗೆ ಇಳಿಯುತ್ತದೆ, ನಡುವೆ ಮುರಿಯುವುದಿಲ್ಲ. ಕೆಳಗಿಳಿದ ಮೇಲೂ ಬಲಕ್ಕೇ ಇರಬೇಕೆಂದರೆ ಅದರ ಎಡ ಮಾರ್ಜಿನ್ನನ್ನು ಆಟೊ ಮಾಡಿಬಿಡು.

ರಸೀದಿಯ ತಲೆಬರಹದಲ್ಲಿ ಮೂರು ಮಾತು: ಎಡಕ್ಕೆ ಕ್ರಮ ಸಂಖ್ಯೆ, ನಡುವೆ ‘ರಸೀದಿ’, ಬಲಕ್ಕೆ ದಿನಾಂಕ. ಇಲ್ಲಿ ಸ್ಪೇಸ್-ಬಿಟ್ವೀನ್ ಹಾಕಿದ್ದೀಯ, ಒಳ್ಳೆಯದೇ. ಆದರೆ ಅಳತೆಪಟ್ಟಿ ಇಟ್ಟು ನೋಡು, ‘ರಸೀದಿ’ ಕಾಗದದ ನಟ್ಟನಡುವೆ ಇಲ್ಲ, ಎಡಕ್ಕೆ ವಾಲಿದೆ. ‘ಕ್ರ.ಸಂ. 7’ ಚಿಕ್ಕದು, ‘ದಿನಾಂಕ’ ಮತ್ತು ಅದರ ಮುಂದಿನ ಗೆರೆ ಉದ್ದ. ಉಳಿದ ಜಾಗವನ್ನು ಎರಡು ಸಮಪಾಲು ಮಾಡಿ ಎರಡು ಸಂದಿಗೆ ಹಾಕಿದಾಗ ನಡುವಿನ ಪದ ಚಿಕ್ಕ ಮಾತಿನ ಕಡೆಗೆ ಸರಿಯುತ್ತದೆ. ಟೆಕ್‌ನಲ್ಲಿ ಎರಡು ಎಚ್‌ಫಿಲ್ ಹಾಕಿದರೂ ಇದೇ ಕಥೆ. ಇದನ್ನು ಕಂಡುಹಿಡಿಯುವ ಕಣ್ಣು ಬೇಕು, ಅದು ನಿನಗೆ ಬರಬೇಕು. ಪರಿಹಾರ ಗ್ರಿಡ್. ಮೂರು ಕಂಬ ಮಾಡಿ ಎಡಬಲದ ಕಂಬಗಳಿಗೆ ಸಮಪಾಲು ಕೊಡು, ನಡುವಿನದಕ್ಕೆ ಪದಕ್ಕೆ ಬೇಕಾದಷ್ಟು ಮಾತ್ರ ಕೊಡು, ಬಲ ಕಂಬದ ಬರಹವನ್ನು ಎಂಡ್ ಮಾಡು. ವರ್ಡ್‌ನಲ್ಲಾದರೆ ಪುಟದ ನಡುವಿಗೆ ಒಂದು ಸೆಂಟರ್ ಟ್ಯಾಬ್, ಅಂಚಿಗೆ ಒಂದು ಬಲ ಟ್ಯಾಬ್.

ನಿನ್ನ ಪುಟಗಳಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಎರಡೂ ಅಂಚು ಸಮ ಮಾಡಿದ ಲೇಖನ ನೋಡಿ. ಡ್ಯಾಮಿನ ಇತಿಹಾಸ ಎಷ್ಟು ಚೆನ್ನಾಗಿ ಬರೆದಿದ್ದೀಯ! ಘಟಪ್ರಭೆಗೆ ಅಡ್ಡ ಕಟ್ಟಿದ ಈ ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೇಗೆ ಬಂತು, ವಿದ್ಯೆಗೆ ಅವರು ಕೊಟ್ಟ ದಾನದಿಂದ ಬೆಳಗಾವಿಯ ಆರ್.ಎಲ್. ವಿಜ್ಞಾನ ಕಾಲೇಜಿಗೂ ಕಾನೂನು ಕಾಲೇಜಿಗೂ ಅವರದೇ ಹೆಸರು ಹೇಗೆ ನಿಂತಿತು, ಈ ಡ್ಯಾಮಿಗಿಂತ ಎಷ್ಟೋ ಮೊದಲೇ 1897ರಲ್ಲಿ ಧೂಪದಾಳದಲ್ಲಿ ಒಡ್ಡು ಹೇಗೆ ಎದ್ದಿತ್ತು, ಎಲ್ಲವೂ ಇದೆ. ಅಂಥ ಬರಹವನ್ನು ಫೋನಿನಲ್ಲಿ ತೆರೆದರೆ ಪದಗಳ ನಡುವೆ ಹೊಂಡ ಬಿದ್ದಿದೆ.

ಕನ್ನಡದ ಸ್ವಭಾವ ನೋಡು. ವಿಭಕ್ತಿ, ಸಂಧಿ, ಸಮಾಸ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಜಲಾಶಯದಿಂದ ಬಿಡಲಾಗುತ್ತಿರುವ’ ಎಂದು ಬರೆದರೆ ಎರಡೇ ಪದಕ್ಕೆ ಫೋನಿನ ಒಂದು ಸಾಲು ಮುಗಿಯುತ್ತದೆ. ಇಂಗ್ಲಿಷಿನ ಸಾಲಿನಲ್ಲಿ ಚಿಕ್ಕ ಚಿಕ್ಕ ಪದಗಳಿರುವುದರಿಂದ ಉಳಿದ ಜಾಗ ಏಳೆಂಟು ಸಂದಿಗಳಿಗೆ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸಾಲಿನಲ್ಲಿ ಒಂದೋ ಎರಡೋ ಸಂದಿ. ಉಳಿದದ್ದೆಲ್ಲ ಅಲ್ಲೇ ತುಂಬಿಕೊಳ್ಳಬೇಕು. ಮುಂದಿನ ಪದ ‘ಕಾರ್ಯನಿರ್ವಾಹಕ’ದಂಥದ್ದಾದರೆ ಅದು ಇಡಿಯಾಗಿ ಕೆಳಗಿನ ಸಾಲಿಗೆ ಜಿಗಿಯುತ್ತದೆ, ಮೇಲಿನ ಸಾಲು ಬಾಯಿ ಬಿಟ್ಟುಕೊಳ್ಳುತ್ತದೆ. ನಾಲ್ಕಾರು ಸಾಲುಗಳ ಹೊಂಡಗಳು ಒಂದರ ಕೆಳಗೊಂದು ಬಂದರೆ ಪುಟದ ನಡುವೆ ಬಿಳಿ ಕಾಲುವೆ ಹರಿದಂತಾಗಿ ಓದುವವರ ಕಣ್ಣು ಅದರಲ್ಲೇ ಇಳಿದುಹೋಗುತ್ತದೆ.

ಬ್ರೌಸರ್ ಸಾಲು ಮುರಿಯುವ ರೀತಿಯೂ ಇದಕ್ಕೆ ಕಾರಣ. ಸಾಮಾನ್ಯವಾಗಿ ಅದು ಮೇಲಿನ ಸಾಲಿನಲ್ಲಿ ಎಷ್ಟು ಪದ ಹಿಡಿಸುತ್ತವೋ ಅಷ್ಟನ್ನೂ ತುಂಬಿ, ಉಳಿದದ್ದನ್ನು ಕೆಳಗೆ ದೂಡುತ್ತದೆ. ಕೆಳಗಿನ ಸಾಲಿನ ಗತಿ ಏನೆಂದು ಯೋಚಿಸುವುದಿಲ್ಲ. ಕಾಲುವೆಯ ಮೊದಲ ಊರಿನವರು ಬೇಕಾದಷ್ಟು ನೀರು ತಿರುಗಿಸಿಕೊಂಡರೆ ಕೊನೆಯ ಊರಿನ ಹೊಲ ಒಣಗುವುದನ್ನು ನೀನು ಕಣ್ಣಾರೆ ನೋಡಿ ಬೆಳೆದವಳು. ಪ್ಯಾರಾದಲ್ಲೂ ಅದೇ ನಡೆಯುತ್ತದೆ. ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕಿಂತ ಬೇರೆ. ಅದು ಇಡೀ ಪ್ಯಾರಾವನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು, ಮೇಲಿನ ಸಾಲು ಸ್ವಲ್ಪ ಬಿಟ್ಟುಕೊಟ್ಟರೆ ಕೆಳಗಿನ ಸಾಲಿಗೆ ಎಷ್ಟು ಅನುಕೂಲ ಎಂದು ಲೆಕ್ಕ ಹಾಕಿ, ಒಟ್ಟಾರೆ ಕಡಿಮೆ ಕೆಡುಕಾಗುವ ಕಡೆ ಮುರಿಯುತ್ತದೆ. ಟೆಕ್‌ನಲ್ಲಿ ಕಟ್ಟಿದ ಪುಸ್ತಕದ ಪುಟ ಕಣ್ಣಿಗೆ ತಂಪಾಗಿರುವುದು ಇದರಿಂದಲೇ. ಸಂಘದ ಸ್ಮರಣ ಸಂಚಿಕೆಯನ್ನು ಪುಸ್ತಕವಾಗಿ ತರುವ ದಿನ ಬಂದರೆ ಟೆಕ್ ಕಲಿ. ಅದರಲ್ಲಿ ಕನ್ನಡ ಪದಗಳನ್ನು ಎಲ್ಲಿ ಮುರಿಯಬಹುದೆಂಬ ನಿಯಮಗಳೂ ಸೇರಿವೆ. ಭಾರತೀಯ ಭಾಷೆಗಳಿಗೆ ಅವನ್ನು ಸಿದ್ಧಪಡಿಸಿದವರು ಕೇರಳದ ಸಂತೋಷ್ ತೋಟ್ಟಿಂಗಲ್. ಆ ನಿಯಮಗಳು ಒತ್ತಕ್ಷರವನ್ನು ಅದರ ಮೂಲ ಅಕ್ಷರದಿಂದ ಸೀಳುವುದಿಲ್ಲ, ‘ಕ್ಷ’ವನ್ನು ಎರಡು ಸಾಲಿಗೆ ಹಂಚುವುದಿಲ್ಲ, ಅಕ್ಷರ ಮುಗಿದ ಕಡೆಯಷ್ಟೇ ಕತ್ತರಿ.

ವೆಬ್ ಪುಟದಲ್ಲಿ ಹೈಫನ್ಸ್ ಆಟೊ ಎಂಬ ಗುಣವಿದೆ. ಅದು ಕೆಲಸ ಮಾಡಬೇಕಾದರೆ ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣದಲ್ಲಿ ಹೇಳಿರಬೇಕು. ನಿನ್ನ ಪುಟದಲ್ಲಿ ಅದು ಇಂಗ್ಲಿಷ್ ಎಂದಿದೆ, ಮೊದಲು ಬದಲಿಸು. ಹಾಗೆಂದು ಎಲ್ಲ ಬ್ರೌಸರಿನಲ್ಲೂ ಕನ್ನಡಕ್ಕೆ ಅದು ನಡೆಯುತ್ತದೆಂದು ನೆಚ್ಚಿಕೊಳ್ಳಬೇಡ. ನನ್ನ ತೀರ್ಪು ಕೇಳುವುದಾದರೆ: ಫೋನಿನಲ್ಲಿ ಓದುವ ಕನ್ನಡಕ್ಕೆ ಎಡ ಅಂಚು ಮಾತ್ರ ಸಮ ಇರಲಿ, ಬಲ ಅಂಚು ಹೇಗೆ ಬರುತ್ತದೋ ಹಾಗೆ ಬರಲಿ. ಅಗಲವಾದ ಪುಸ್ತಕದ ಪುಟದಲ್ಲಿ, ಸಾಲಿಗೆ ಏಳೆಂಟು ಪದ ಹಿಡಿಸುವ ಕಡೆ, ಎರಡೂ ಅಂಚು ಸಮ ಮಾಡು. ನಡುವಿನ ಗಾತ್ರಗಳಲ್ಲಿ ಕಣ್ಣಿನಿಂದ ನೋಡಿ ನಿರ್ಧರಿಸು. ಬಲ ಅಂಚು ಏರುಪೇರಾದರೆ ಪುಟ ಅಚ್ಚುಕಟ್ಟಾಗಿಲ್ಲ ಎಂದು ಗಿರಾಕಿ ಹೇಳಬಹುದು. ಹೇಳಲಿ. ಎರಡೂ ರೀತಿಯಲ್ಲಿ ಒಂದೊಂದು ಪ್ಯಾರಾ ತೋರಿಸಿ ಗಟ್ಟಿಯಾಗಿ ಓದಿಸು, ಅವರೇ ಒಪ್ಪುತ್ತಾರೆ.

ಸಾಲು ತುಂಬಲಿಲ್ಲವೆಂದು ಅಕ್ಷರ ಅಕ್ಷರಗಳನ್ನೇ ದೂರ ಎಳೆಯುವ ಚಟ ಕೆಲವರಿಗಿದೆ. ಶೀರ್ಷಿಕೆ ಅಗಲವಾಗಿ ಕಾಣಲೆಂದು ‘ಹಿ ಡ ಕ ಲ್’ ಎಂದು ನಡುನಡುವೆ ಸ್ಪೇಸ್ ಕೊಟ್ಟು ನೀನೂ ಬರೆದಿದ್ದೀಯ. ತಂಗಿ, ಹಿಡಕಲ್ ಎಂದು ಹುಡುಕಿದವರಿಗೆ ಆ ಪುಟದ ಶೀರ್ಷಿಕೆ ಸಿಗುವುದಿಲ್ಲ. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದಲ್ಲಿ ಕೇಳಿದರೆ ಒಂದೊಂದೇ ಅಕ್ಷರ ತುಂಡು ತುಂಡಾಗಿ ಕೇಳುತ್ತದೆ, ಊರಿನ ಹೆಸರು ಕೇಳುವುದಿಲ್ಲ. ಬೇಕೇ ಬೇಕೆಂದರೆ ಲೆಟರ್-ಸ್ಪೇಸಿಂಗ್ ಎಂಬ ಗುಣದಿಂದ ತುಸು ಹಿಗ್ಗಿಸು. ಪದ ಪದವಾಗಿಯೇ ಉಳಿಯುತ್ತದೆ.

ವರ್ಡ್‌ನಲ್ಲಿ ಎರಡೂ ಅಂಚು ಸಮ ಮಾಡಿದ ಪ್ಯಾರಾದಲ್ಲಿ ಶಿಫ್ಟ್ ಜೊತೆ ಎಂಟರ್ ಒತ್ತಿ ಸಾಲು ಮುರಿದಿದ್ದೀಯ. ಆ ಗಿಡ್ಡ ಸಾಲಿನ ಮೂರು ಪದಗಳು ಈ ಅಂಚಿನಿಂದ ಆ ಅಂಚಿಗೆ ಚೆಲ್ಲಾಪಿಲ್ಲಿಯಾಗಿ ನಿಂತದ್ದು ಅದಕ್ಕೇ. ಪ್ಯಾರಾ ಇನ್ನೂ ಮುಗಿದಿಲ್ಲವೆಂದು ವರ್ಡ್ ತಿಳಿದು ಸಾಲನ್ನು ಎಳೆಯುತ್ತದೆ. ಬರೀ ಎಂಟರ್ ಒತ್ತು, ಇಲ್ಲವೇ ಮುರಿಯುವ ಮೊದಲು ಒಂದು ಟ್ಯಾಬ್ ಹಾಕು.

ನೀರಿನ ಪಟ್ಟಿಯ ವಿಚಾರ ಬೇರೆ. ಅಲ್ಲಿ ಓದುವುದಕ್ಕಿಂತ ಹೋಲಿಸಿ ನೋಡುವುದೇ ಹೆಚ್ಚು. ಮಳೆಗಾಲದಲ್ಲಿ ಗೋಕಾಕದ ನದಿ ದಂಡೆಯವರು, ಬೇಸಿಗೆಯಲ್ಲಿ ಕಾಲುವೆ ಕೆಳಗಿನ ರೈತರು ನಿನ್ನೆಗಿಂತ ಇವತ್ತು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಒಂದೇ ನೋಟಕ್ಕೆ ತಿಳಿಯಬೇಕು. ಜಲಾಶಯ ತುಂಬಿದಾಗಿನ ಮಟ್ಟ 2175 ಅಡಿ. ಆ ಸಂಖ್ಯೆಯ ಕೆಳಗೆ ನೀನು 2174.6 ಎಂದು ಬರೆದು ಎರಡನ್ನೂ ನಡುವೆ ನಿಲ್ಲಿಸಿದರೆ ಬಿಡಿಯ ಕೆಳಗೆ ಬಿಡಿ ಬರುವುದಿಲ್ಲ, ಹತ್ತರ ಕೆಳಗೆ ಹತ್ತು ಬರುವುದಿಲ್ಲ. ಎಲ್ಲಕ್ಕೂ ಎರಡು ದಶಮಾಂಶ ಕೊಟ್ಟು, 2175.00, 2174.60 ಎಂದು ಬರೆದು ಬಲಕ್ಕೆ ಸೇರಿಸು. ಆಗ ಚುಕ್ಕೆಯ ಕೆಳಗೆ ಚುಕ್ಕೆ ತಾನಾಗಿ ಬರುತ್ತದೆ. ಒಳಹರಿವು, ಹೊರಹರಿವಿನ ಕ್ಯೂಸೆಕ್ ಅಂಕಿಗಳಿಗೂ ಇದೇ ರೀತಿ. ಕಂಬದ ತಲೆಬರಹವನ್ನೂ ಅಂಕಿಗಳ ಜೊತೆಗೇ ಬಲಕ್ಕೆ ಸೇರಿಸು, ಅಡಿ, ಕ್ಯೂಸೆಕ್ ಎಂಬ ಮಾನವನ್ನು ಅಲ್ಲೇ ಒಮ್ಮೆ ಬರೆ. ಒಂದು ಎಚ್ಚರಿಕೆ: ಕೆಲವು ಫಾಂಟುಗಳಲ್ಲಿ 1 ತೆಳು, 8 ದಪ್ಪ, ಬಲಕ್ಕೆ ಸೇರಿಸಿದರೂ ಸಾಲು ಕದಲುತ್ತದೆ. ಫಾಂಟ್-ವೇರಿಯಂಟ್-ನ್ಯೂಮರಿಕ್ ಗುಣಕ್ಕೆ ಟ್ಯಾಬ್ಯುಲರ್-ನಮ್ಸ್ ಕೊಟ್ಟು ನೋಡು, ಫಾಂಟಿನಲ್ಲಿ ಅನುಕೂಲವಿದ್ದರೆ ಎಲ್ಲ ಅಂಕಿಗಳೂ ಒಂದೇ ಅಗಲಕ್ಕೆ ಬರುತ್ತವೆ. ಇಲ್ಲದಿದ್ದರೆ ಪಟ್ಟಿಗೆ ಮಾತ್ರ ಬೇರೆ ಫಾಂಟ್ ಹುಡುಕು.

ಹಾಗೆಂದು ಅಂಕಿ ಕಂಡಲ್ಲೆಲ್ಲ ಬಲಕ್ಕೆ ದೂಡಬೇಡ. ಅದೇ ಪುಟದ ಕೆಳಗೆ ಡ್ಯಾಮಿನ ವಿವರ ಕೊಟ್ಟಿದ್ದೀಯ: ಎತ್ತರ 62.48 ಮೀಟರ್, ಸಂಗ್ರಹ 51 ಟಿಎಂಸಿ, ಕ್ರೆಸ್ಟ್ ಗೇಟು 10, ವಿದ್ಯುತ್ ಉತ್ಪಾದನೆಯ ಸಾಮರ್ಥ್ಯ 32 ಮೆಗಾವಾಟ್. ಮೀಟರಿನ ಕೆಳಗೆ ಟಿಎಂಸಿ ಇಟ್ಟು ಯಾರೂ ಹೋಲಿಸುವುದಿಲ್ಲ. ಅವು ಎಡಕ್ಕೇ, ತಮ್ಮ ತಮ್ಮ ಹೆಸರಿನ ಪಕ್ಕಕ್ಕೇ ಇರಲಿ.

ನಡುವೆ ನಿಲ್ಲಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಗ್ನಪತ್ರಿಕೆಯಲ್ಲಿ ದೇವರ ಹೆಸರು, ಜಾತ್ರೆಯ ಕರಪತ್ರದ ತಲೆಬರಹ, ಪುಸ್ತಕದ ಮೊದಲ ಪುಟ, ಇವಕ್ಕೆ ನಡುವೇ ಶೋಭೆ. ಎರಡು ಸಾಲಿನ ಶೀರ್ಷಿಕೆಯಾದರೆ ಟೆಕ್ಸ್ಟ್-ರ‍್ಯಾಪ್ ಬ್ಯಾಲೆನ್ಸ್ ಎಂಬುದನ್ನು ಹಾಕು. ಈಚಿನ ಬ್ರೌಸರುಗಳು ಎರಡೂ ಸಾಲನ್ನು ಹೆಚ್ಚುಕಡಿಮೆ ಸಮ ಉದ್ದಕ್ಕೆ ತರುತ್ತವೆ, ಎರಡನೇ ಸಾಲಿನಲ್ಲಿ ಒಂದೇ ಪದ ಒಂಟಿಯಾಗಿ ನಿಲ್ಲುವುದು ತಪ್ಪುತ್ತದೆ. ಮೂರು ಸಾಲಿಗಿಂತ ಹೆಚ್ಚಿನ ಬರಹವನ್ನು ಮಾತ್ರ ನಡುವೆ ನಿಲ್ಲಿಸಬೇಡ. ಪ್ರತಿ ಸಾಲೂ ಬೇರೆ ಬೇರೆ ಕಡೆ ಶುರುವಾದರೆ ಕಣ್ಣು ಪ್ರತಿ ಸಲವೂ ಸಾಲಿನ ತಲೆ ಹುಡುಕಬೇಕು. ವಚನಗಳನ್ನು ನಡುವೆ ನಿಲ್ಲಿಸಿ ಅಚ್ಚು ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಚನದ ಸಾಲು ಎಲ್ಲಿ ಶುರುವಾಗುತ್ತದೆ, ಅಂಕಿತ ಎಲ್ಲಿ ಬರುತ್ತದೆ ಎನ್ನುವುದು ಕಣ್ಣಿಗೆ ಕಾಣಬೇಕು. ಗೋಕಾಕ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರಂಥ ಹಾಡುಗಬ್ಬದ ಕವಿಗಳ ಪದಗಳಲ್ಲಿ ಪಲ್ಲವಿ ಒಂದು ಅಂಚಿಗೆ, ನುಡಿ ಇನ್ನೊಂದು ಅಂಚಿಗೆ ಇದ್ದರೆ ಹಾಡುವವರಿಗೆ ದಾರಿ ಗೊತ್ತಾಗುತ್ತದೆ. ಆಯಾ ಭಾಗದ ಸಾಲುಗಳೆಲ್ಲ ತಮ್ಮ ಎಡ ಅಂಚಿಗೆ ಸಮ ಇರಲಿ, ಬೇಕಾದರೆ ಇಡೀ ಪದ್ಯದ ಡಬ್ಬಿಯನ್ನು ಪುಟದ ನಡುವಿಗೆ ತಾ. ಮೇಲೆ ಹೇಳಿದ ಆಟೊ ಮಾರ್ಜಿನ್ ಇಲ್ಲಿಗೇ ಬೇಕಾದದ್ದು.

ಕೊನೆಗೆ ಪಾರಿಜಾತ. ಶ್ರೀಕೃಷ್ಣ ಪಾರಿಜಾತ ನಮ್ಮ ನೆಲದ ಆಟ. ಈ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಈಗ ಮೂಡಲಗಿ ತಾಲೂಕಿನಲ್ಲಿದೆ. ಇದರಲ್ಲಿ ಹೆಸರು ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮನೂ ಆ ಸೀಮೆಯವಳೇ. ಈ ಪಠ್ಯವನ್ನು ನೀನು ಕಂಪ್ಯೂಟರಿಗೆ ಏರಿಸುತ್ತಿರುವುದು ಬಹಳ ದೊಡ್ಡ ಕೆಲಸ. ಆದರೆ ಈಗ ಅದರಲ್ಲಿ ಪಾತ್ರದ ಹೆಸರು, ಮಾತು, ಹಾಡು, ಮೂರೂ ಒಂದೇ ಅಂಚಿನಿಂದ ಶುರುವಾಗಿ ಒಂದರೊಳಗೊಂದು ಬೆರೆತಿವೆ. ಸ್ಪೇಸ್ ಕೊಟ್ಟು ಸರಿಸಿದ ಕಡೆ ಫೋನಿನಲ್ಲಿ ಕಲಸಿಹೋಗಿದೆ. ಹೆಸರಿಗೆ ಎಡಕ್ಕೆ ಒಂದು ಕಂಬ, ಮಾತಿಗೆ ಅದರ ಪಕ್ಕ ಒಂದು ಕಂಬ ಮಾಡು. ಮಾತು ಎರಡನೇ ಸಾಲಿಗೆ ಇಳಿದರೂ ಹೆಸರಿನ ಕೆಳಗೆ ನುಗ್ಗಬಾರದು, ತನ್ನ ಕಂಬದೊಳಗೇ ಇರಬೇಕು. ಸತ್ಯಭಾಮೆ ಎಂಬ ಹೆಸರು ಉದ್ದ, ಕೃಷ್ಣ ಎಂಬುದು ಚಿಕ್ಕದು. ಉದ್ದದ ಹೆಸರಿಗೆ ತಕ್ಕಂತೆ ಮೊದಲ ಕಂಬದ ಅಗಲ ಇಡು. ಹಾಡಿಗೆ ಇನ್ನೂ ಸ್ವಲ್ಪ ಒಳಗೆ ಬೇರೆ ಅಂಚು ಕೊಡು. ಸಣ್ಣ ಫೋನಿನಲ್ಲಿ ಎರಡು ಕಂಬಕ್ಕೆ ಜಾಗ ಸಾಲದಿದ್ದರೆ ಹೆಸರು ಮೇಲೆ, ಮಾತು ಅದರ ಕೆಳಗೆ ತುಸು ಒಳಗೆ ಬರುವ ಹಾಗೆ ಮಾಡು.

ಇಷ್ಟಾದ ಮೇಲೆ ನನಗೆ ಕಳಿಸುವ ಮೊದಲು ಇನ್ನೊಂದು ಕೆಲಸವಿದೆ. ಆಟ ಕಟ್ಟುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಒಂದು ಪ್ರಿಂಟ್ ತೆಗೆದುಕೊಂಡು ಅವರ ಹತ್ತಿರ ಹೋಗು. ಕಾಗದವನ್ನು ಅವರ ಕೈಗೆ ಕೊಟ್ಟು, ಕೂತು ಹಾಡಿಸು. ಎಲ್ಲಿ ಅವರ ಕಣ್ಣು ಸಾಲು ತಪ್ಪುತ್ತದೆ, ಎಲ್ಲಿ ಬೆರಳು ಇಟ್ಟು ಹುಡುಕುತ್ತಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊ, ಮನೆಗೆ ಬಂದು ಆ ಜಾಗಗಳನ್ನಷ್ಟೇ ತಿದ್ದು. ಮಳೆ ಹಿಡಿದು ಹೊಲದ ಕೆಲಸ ಶುರುವಾದರೆ ಅವರು ಕೈಗೆ ಸಿಗುವುದಿಲ್ಲ, ಈ ತಿಂಗಳೊಳಗೇ ಹೋಗಿ ಬಾ.